ದೆವ್ವದ ಸಿನಿಮಾ ಯಾವ ವಯಸ್ಸಿಗೆ? ಬರೆಯುವಾಗಲೇ ತೀರ್ಮಾನಿಸಿ

ಕಡಿಮೆ ದುಡ್ಡಿನಲ್ಲಿ ಮೊದಲ ಸಿನಿಮಾ ಮಾಡಹೊರಟವರಿಗೆ ಹಾರರ್ ಕೈಗೆಟುಕುವ ದಾರಿ. ಊರ ಹೊರಗಿನ ಪಾಳು ವಾಡೆ, ನಾಲ್ಕೈದು ಮಂದಿ ಕಲಾವಿದರು, ಒಂದಿಷ್ಟು ರಾತ್ರಿಗಳ ಶೂಟಿಂಗ್ ಇದ್ದರೆ ಕೆಲಸ ಶುರು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೀಗೆ ಹೊರಟವರು ಎಡವುವುದು ಕೊನೆಯ ಹಂತದಲ್ಲಿ, ಬೆಂಗಳೂರಿನ ಸೆನ್ಸಾರ್ ಕಚೇರಿಯಲ್ಲಿ. ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ‘ಯುಎ ಸಿಕ್ಕೇ ಸಿಗ್ತದ’ ಎಂದುಕೊಂಡವರ ಕೈಗೆ ದೊಡ್ಡವರಿಗಷ್ಟೇ ಮೀಸಲಾದ ಎ ಬಂದರೆ ಟಿವಿ ಹಕ್ಕಿನ ಲೆಕ್ಕ ತಲೆಕೆಳಗು. ಎ ಸಿನಿಮಾವನ್ನು ಟಿವಿಯಲ್ಲಿ ಹಾಗೇ ತೋರಿಸುವಂತಿಲ್ಲ, ಕತ್ತರಿಸಿ ಮತ್ತೆ ಸರ್ಟಿಫಿಕೇಟ್ ಮಾಡಿಸಬೇಕು.

1952ರ ಸಿನಿಮಾಟೋಗ್ರಾಫ್ ಕಾಯ್ದೆ ಬಂದಾಗ ಇದ್ದದ್ದು ಎರಡೇ ದರ್ಜೆ: ಎಲ್ಲರಿಗೂ ಯು, ದೊಡ್ಡವರಿಗೆ ಎ. ನಡುವೆ ಏನೂ ಇರಲಿಲ್ಲ. ರಾಮ್ಸೆ ಸಹೋದರರ ಕಾಲದ ಹಿಂದಿ ಹಾರರ್ ಎಂದರೆ ಪೋಸ್ಟರ್ ಮೇಲೆ ದೊಡ್ಡದೊಂದು ಎ ಎಂದೇ ಜನ ಗುರುತಿಟ್ಟುಕೊಂಡಿದ್ದರು. 1983ರಲ್ಲಿ ಯುಎ ಮತ್ತು ವೈದ್ಯರಂಥ ವಿಶೇಷ ವರ್ಗದವರಿಗಷ್ಟೇ ತೋರಿಸುವ ಎಸ್ ಬಂದವು, ಸರ್ಟಿಫಿಕೇಟ್ ಕೊಡುವ ಮಂಡಳಿಯ ಹೆಸರಿನಿಂದ ಸೆನ್ಸಾರ್ ಎಂಬ ಪದವೂ ಹೋಯಿತು. ಆಗ ಕಟ್‌ಗಳನ್ನು ಅಡಿಗಳಲ್ಲಿ ಅಳೆಯುತ್ತಿದ್ದರು. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್, ಒಂದು ನಿಮಿಷಕ್ಕೆ 90 ಅಡಿ. 30 ಅಡಿ ಕತ್ತರಿಸಿದರೆ 20 ಸೆಕೆಂಡ್ ಹೋಯಿತು. ಪ್ರತಿಯೊಂದು ಪ್ರಿಂಟ್‌ನಲ್ಲೂ ಅದೇ ಜಾಗದಲ್ಲಿ ಕತ್ತರಿ ಆಡಬೇಕಿತ್ತು, ಆದ್ದರಿಂದಲೇ ಮಂಡಳಿಯ ಕಣ್ಣಿಗೆ ಬೀಳದ ‘ಬಿಟ್’ ಸೇರಿಸುವ ದಂಧೆಗೂ ಅವಕಾಶವಿತ್ತು. ಈಗ ಕಟ್ ಲಿಸ್ಟ್ ಟೈಮ್‌ಕೋಡ್‌ನಲ್ಲಿ, ಅಂದರೆ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್‌ಗಳ ಲೆಕ್ಕದಲ್ಲಿ ಬರುತ್ತದೆ.

ಹಾರರ್ ಮಟ್ಟಿಗೆ ಹಳೆಯ ಯುಎ ತೀರಾ ಒರಟು ಅಳತೆಯಾಗಿತ್ತು. 12ರ ಒಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಲಿ ಎಂಬ ಒಂದೇ ಸಾಲು. ನಗಿಸುತ್ತ ಹೆದರಿಸುವ ದೆವ್ವಕ್ಕೂ, ವಾರಗಟ್ಟಲೆ ಮಗುವಿನ ನಿದ್ದೆ ಕೆಡಿಸುವ ದೆವ್ವಕ್ಕೂ ಅದೇ ಮುದ್ರೆ. ಬ್ರಿಟನ್‌ನಲ್ಲಿ 1932ರಲ್ಲೇ ಹಾರರ್‌ಗೆಂದು ‘ಎಚ್’ ದರ್ಜೆ ಹುಟ್ಟಿ, 1951ರಲ್ಲಿ ‘ಎಕ್ಸ್’ನೊಳಗೆ ಸೇರಿಹೋಗಿತ್ತು. ಅಮೆರಿಕ 1984ರಲ್ಲಿ 13ರ ಒಳಗಿನ ಮಕ್ಕಳ ಹೆತ್ತವರನ್ನು ಎಚ್ಚರಿಸುವ ಪಿಜಿ-13 ತಂದು ನಡುವಿನ ಮೆಟ್ಟಿಲು ಕಟ್ಟಿಕೊಂಡಿತು. ನಮ್ಮಲ್ಲಿ ಶ್ಯಾಮ್ ಬೆನೆಗಲ್ ಸಮಿತಿ 2016ರಲ್ಲಿ ಯುಎಯನ್ನು 12+, 15+ ಎಂದು ಒಡೆಯಲು ಹೇಳಿತು. 2023ರ ತಿದ್ದುಪಡಿ ಅದನ್ನು ಮೂರಾಗಿಸಿತು: ಯುಎ 7+, ಯುಎ 13+, ಯುಎ 16+. 2024ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಬಂದವು. ಹತ್ತು ವರ್ಷಕ್ಕೆ ಮುಗಿಯುತ್ತಿದ್ದ ಸರ್ಟಿಫಿಕೇಟ್ ಈಗ ಶಾಶ್ವತ. ಬಹಳ ಮೊದಲೇ ಆಗಬೇಕಿದ್ದ ಕೆಲಸ ಇದು.

ಈ ಮೂರು ಮೆಟ್ಟಿಲಲ್ಲಿ ನಿಮ್ಮ ಸಿನಿಮಾ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಕತೆಗಿಂತ ಹೆಚ್ಚಾಗಿ ನಿರೂಪಣೆ ತೀರ್ಮಾನಿಸುತ್ತದೆ. ತೊಗರಿ ಹೊಲದ ನಡುವೆ ಒಬ್ಬನ ಕುತ್ತಿಗೆಗೆ ಕುಡುಗೋಲು ಬೀಳುವ ದೃಶ್ಯ ಇದೆ ಎನ್ನಿ. ಅಲಗು ಚರ್ಮಕ್ಕೆ ತಾಗುವುದನ್ನು ಹತ್ತಿರದಿಂದ ತೋರಿಸಿ, ಗಾಯದ ಮೇಲೆ ಕ್ಯಾಮೆರಾವನ್ನು ನಾಲ್ಕು ಸೆಕೆಂಡ್, ಅಂದರೆ 96 ಫ್ರೇಮ್ ನಿಲ್ಲಿಸಿದರೆ ನೀವೇ ಎ ಕೇಳಿದ ಹಾಗೆ. ಅಲಗು ಇಳಿಯುವ ಮೊದಲೇ ಕಟ್ ಮಾಡಿ, ಅಲುಗಾಡುವ ತೊಗರಿ ಗಿಡಕ್ಕೆ ಹೋಗಿ, ಗಾಯವನ್ನು ದೂರದಿಂದ 20-24 ಫ್ರೇಮ್ ಮಾತ್ರ ತೋರಿಸಿದರೆ, ರಕ್ತದ ಕೆಂಪನ್ನು ಕಲರ್ ಗ್ರೇಡಿಂಗ್‌ನಲ್ಲಿ ಕಪ್ಪಿಗೆ ಎಳೆದರೆ, 16+ಗೆ ವಾದಿಸಲು ಜಾಗವಿದೆ. 13+ ಬೇಕಿದ್ದರೆ ಏಟು ಕಾಣಲೇಬಾರದು, ಕೇಳಿದರೆ ಸಾಕು. ಇದಕ್ಕೆ ಮಂಡಳಿಯ ಸಿದ್ಧ ಕೋಷ್ಟಕವಿಲ್ಲ, ಮಂಡಳಿಯ ಪರವಾಗಿ ಸಿನಿಮಾ ನೋಡುವ ಪರಿಶೀಲನಾ ಸಮಿತಿ ಇಡೀ ಸಿನಿಮಾದ ಪರಿಣಾಮ ನೋಡುತ್ತದೆ. ಬೇಡದ ಹಿಂಸೆ, ಕ್ರೌರ್ಯ, ಭೀತಿ ತೋರಿಸಬಾರದೆಂದು 1991ರ ಮಾರ್ಗಸೂಚಿಯೇ ಹೇಳಿದೆ. ಆದರೆ ಶೂಟಿಂಗ್‌ನಲ್ಲಿ ಆ ತೊಗರಿ ಗಿಡದ ಶಾಟ್ ತೆಗೆದಿರದಿದ್ದರೆ ಎಡಿಟಿಂಗ್ ಟೇಬಲ್ ಮೇಲೆ ಏನೂ ಮಾಡಲಾಗದು. ಪ್ರತಿ ಕ್ರೂರ ದೃಶ್ಯಕ್ಕೂ ಒಂದು ಪರ್ಯಾಯ ಶಾಟ್ ತೆಗೆದಿಟ್ಟುಕೊಳ್ಳಿ. ಅರ್ಧ ಗಂಟೆಯ ಕೆಲಸ, ಮುಂದೆ ಇಡೀ ಸಿನಿಮಾ ಉಳಿಸುತ್ತದೆ.

ಶಬ್ದವನ್ನು ಎಲ್ಲರೂ ಮರೆಯುತ್ತಾರೆ. ಎರಡು ಮೂರು ಸೆಕೆಂಡ್ ಮೌನದ ಬೆನ್ನಿಗೇ ಸಿಡಿಯುವ ಸದ್ದು ರಕ್ತಕ್ಕಿಂತ ಹೆಚ್ಚು ಹೆದರಿಸುತ್ತದೆ, ಮಕ್ಕಳನ್ನಂತೂ ಇನ್ನೂ ಹೆಚ್ಚು. ಸಮಿತಿಗೆ ಕಳಿಸುವ ಪ್ರತಿಯಲ್ಲಿ ಅಂತಿಮ ಹಿನ್ನೆಲೆ ಸಂಗೀತ ಇರಲೇಬೇಕು. ಸರ್ಟಿಫಿಕೇಟ್ ಬಂದ ಮೇಲೆ ಸಿನಿಮಾಕ್ಕೆ ಏನನ್ನಾದರೂ ಸೇರಿಸಿದರೆ, ತೆಗೆದರೆ, ಬದಲಿಸಿದರೆ ಮಂಡಳಿಗೆ ತಿಳಿಸಿ ಅನುಮೋದನೆ ಪಡೆಯಬೇಕು. ಮಗು ಅಪಾಯದಲ್ಲಿರುವ ದೃಶ್ಯ, ನೇಣು, ಮನೆಯಲ್ಲಿ ಮಕ್ಕಳು ಅನುಕರಿಸಬಹುದಾದ ಮಾಟದ ವಿಧಿ, ಇವು ದರ್ಜೆಯನ್ನು ಮೇಲಕ್ಕೆ ತಳ್ಳುತ್ತವೆ. ಮಾಟ-ಮಂತ್ರವಿದ್ದರೆ ಮೂಢನಂಬಿಕೆಗೆ ಪ್ರೋತ್ಸಾಹವಿಲ್ಲ ಎಂಬ ಸೂಚನೆಯನ್ನು ಮೊದಲೇ ಹಾಕಿ.

ಕಾಗದಪತ್ರದಲ್ಲಿ ಹಾರರ್‌ನವರನ್ನು ಕಾಡುವುದು ಕರಿ ಬೆಕ್ಕು, ಕಾಗೆ, ಗೂಬೆ. ನಿಜವಾದ ಪ್ರಾಣಿ ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಗೆ ಶೂಟಿಂಗ್‌ಗೆ ಮೊದಲೇ ಅರ್ಜಿ ಹಾಕಬೇಕು, ಮುಗಿದ ಮೇಲೆ ಆಕ್ಷೇಪಣೆ ಇಲ್ಲವೆಂಬ ಪತ್ರ ಪಡೆಯಬೇಕು. ಗೂಬೆ ವನ್ಯಜೀವಿ, ಅದರ ತಂಟೆಯೇ ಬೇಡ. ಗ್ರಾಫಿಕ್ಸ್ ಮಾಡಿಸಿ, ಆ ಶಾಟ್ ಮೇಲೆ ಗ್ರಾಫಿಕ್ಸ್ ಎಂದೇ ಬರೆಯಿಸಿ. ಮಂತ್ರವಾದಿ ಬೀಡಿ ಸೇದಿದರೆ ಕೆಳಗೆ ಎಚ್ಚರಿಕೆ ಸಾಲು ಬರಬೇಕು.

ಪರಿಶೀಲನಾ ಸಮಿತಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಪುನರ್‌ಪರಿಶೀಲನಾ ಸಮಿತಿ ಇದೆ. ಅದರಾಚೆ ಇದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಈಗ 30 ದಿನದೊಳಗೆ ಹೈಕೋರ್ಟಿಗೇ ಹೋಗಬೇಕು. ಕಲಬುರಗಿಯಲ್ಲೇ ಪೀಠವಿದೆ ನಿಜ, ಆದರೆ ಆದೇಶ ಹೊರಟದ್ದು ಬೇರೆ ಊರಿನಿಂದ, ಯಾವ ಪೀಠದ ಮುಂದೆ ಹೋಗಬೇಕೆಂದು ವಕೀಲರನ್ನು ಕೇಳಿಕೊಳ್ಳಿ. ಸಣ್ಣ ನಿರ್ಮಾಪಕನಿಗೆ ಈ ದಾರಿ ದುಬಾರಿ. ನ್ಯಾಯಮಂಡಳಿ ಉಳಿಯಬೇಕಿತ್ತು.

ಇನ್ನು ಟಾಕೀಸಿನ ಗೇಟು, ಇದು ಟಾಕೀಸು ನಡೆಸುವವರಿಗೆ ಹೇಳುವ ಮಾತು. ಬೀದರಿನಲ್ಲಿ ಓಡುವ ತೆಲುಗು ದೆವ್ವದ ಸಿನಿಮಾಕ್ಕೆ ಹೈದರಾಬಾದಿನಲ್ಲಿ ಸಿಕ್ಕ ಸರ್ಟಿಫಿಕೇಟೇ ಇಲ್ಲಿಯೂ ನಡೆಯುತ್ತದೆ. ಯುಎ 16+ ಸಿನಿಮಾಕ್ಕೆ ಹತ್ತು ವರ್ಷದ ಹುಡುಗ ಅಪ್ಪನ ಜೊತೆ ಬಂದರೆ ಗೇಟಿನವರು ತಡೆಯುವಂತಿಲ್ಲ. ಆ ಅಂಕಿ ಹೆತ್ತವರಿಗೆ ಕೊಟ್ಟ ಸಲಹೆ, ಅದನ್ನು ಟಿಕೆಟ್ ಕೌಂಟರಿನಲ್ಲಿ ಕಾಣುವಂತೆ ಬರೆದು ಹಾಕುವುದು ನಿಮ್ಮ ಕೈಯಲ್ಲಿದೆ. ಎ ಸಿನಿಮಾದ್ದು ಬೇರೆ ಮಾತು. ‘ನಾ ಇದ್ದೀನಲ್ರೀ, ಹುಡುಗನ್ನ ಒಳಗ ಬಿಡ್ರಿ’ ಎಂದು ಅಪ್ಪನೇ ಹೇಳಿದರೂ 18 ತುಂಬದವರನ್ನು ಬಿಡುವಂತಿಲ್ಲ. ಬಿಟ್ಟರೆ ಪ್ರದರ್ಶಕನ ಮೇಲೆ ಕಾನೂನು ಕ್ರಮ ಆಗಬಹುದು. ಅನುಮಾನ ಬಂದರೆ ಹುಟ್ಟಿದ ದಿನಾಂಕವಿರುವ ಗುರುತಿನ ಚೀಟಿ ಕೇಳಿ. ಅದು ಇಲ್ಲದಿದ್ದರೆ ಟಿಕೆಟ್ ದುಡ್ಡು ವಾಪಸು ಕೊಟ್ಟು ಕಳಿಸಿ.