ಬೆಳ್ಳಿ ಕಪ್ಪಾಗದಿದ್ದರೆ ಆ ಅಣಬೆ ತಿನ್ನಬಹುದಾ?

ಪ್ರಶ್ನೆ: ಮಳೆ ಶುರುವಾಗಿ ತೋಟದಲ್ಲಿ ಅಣಬೆ ಎದ್ದಿವೆ. ಬೇಯುವಾಗ ಬೆಳ್ಳಿ ನಾಣ್ಯ ಹಾಕು, ಕಪ್ಪಾಗದಿದ್ದರೆ ತಿನ್ನಬಹುದು ಅಂತಾರೆ ನಮ್ಮತ್ತೆ. ಇದನ್ನು ನಂಬಬಹುದಾ?

ಉತ್ತರ: ದಯವಿಟ್ಟು ನಂಬಬೇಡಿ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಬೇಯಿಸಿದ ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ ಅಲ್ವಾ? ಹುಳ ತಿಂದಿದ್ದರೆ ಒಳ್ಳೆಯ ಅಣಬೆ ಅನ್ನುವುದೂ ಸುಳ್ಳು. ವಿಷದ ಅಣಬೆಯನ್ನು ಬಸವನಹುಳು ಆರಾಮವಾಗಿ ಮೇಯುತ್ತದೆ.

ಎಲ್ಲ ಅಣಬೆಗೂ ಹೊಂದುವ ಒಂದೇ ಪರೀಕ್ಷೆ ಇಲ್ಲ. ಒಂದೊಂದು ಜಾತಿಯನ್ನೂ ಬೇರೆಬೇರೆಯಾಗಿಯೇ ಗುರುತು ಹಿಡಿಯಬೇಕು.

ಹುಲ್ಲುಹಾಸಿನಲ್ಲಿ ಏಳುವ ಒಂದು ದೊಡ್ಡ ಬಿಳಿ ಅಣಬೆ ತುಂಬಾ ಜನರನ್ನು ಮೋಸ ಮಾಡುತ್ತದೆ. ಹೆಸರು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಕೊಡೆಯ ಮೇಲೆ ಕಂದು ಚಕ್ಕೆ, ಕಾಲಿಗೆ ಉಂಗುರ. ಎಳೆಯದಾಗಿದ್ದಾಗ ಅಡಿಯ ಪದರಗಳೂ ಬಿಳಿ, ಹಾಗಾಗಿ ಅನುಮಾನವೇ ಬರುವುದಿಲ್ಲ. ಬಲಿತ ಕೊಡೆಯನ್ನು ಕತ್ತರಿಸಿ, ಪದರ ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ರಾತ್ರಿಯಿಡೀ ಬಟ್ಟಲು ಮುಚ್ಚಿಡಿ. ಬೆಳಗ್ಗೆ ಕಾಗದದ ಮೇಲೆ ಹಸಿರು ಪುಡಿಯ ಅಚ್ಚು ಬಿದ್ದಿರುತ್ತದೆ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ. ಹಸಿರು ಬೀಳಲಿಲ್ಲ ಅಂದ ಮಾತ್ರಕ್ಕೆ ಅಣಬೆ ಒಳ್ಳೆಯದು ಅಂತಲ್ಲ.

ಯಾಕೆಂದರೆ ಪ್ರಾಣ ತೆಗೆಯುವ ಅಮಾನಿಟ ಅಣಬೆಗಳ ಪುಡಿ ಬಿಳಿ. ಅವುಗಳ ಗುರುತು ಬುಡದಲ್ಲಿದೆ. ಒಡೆದ ಮೊಟ್ಟೆಚಿಪ್ಪಿನಂಥ ಒಂದು ಚೀಲದೊಳಗಿಂದ ಕಾಲು ಎದ್ದಿರುತ್ತದೆ. ಆ ಚೀಲ ಮಣ್ಣೊಳಗೇ ಇರುವುದರಿಂದ, ಸುಮ್ನೆ ಕಿತ್ತರೆ ಗುರುತೇ ಅಲ್ಲಿ ಉಳಿದುಬಿಡುತ್ತದೆ. ನಾವು ತಿನ್ನುವ ಹುತ್ತದ ಅಣಬೆಯ ಕಾಲಾದರೋ ಬೇರಿನ ಹಾಗೆ ಉದ್ದಕ್ಕೆ ಗೆದ್ದಲ ಗೂಡಿನವರೆಗೂ ಇಳಿದಿರುತ್ತದೆ. ಅದಕ್ಕೇ ಬುಡಸಮೇತ ಅಗೆದು ನೋಡಬೇಕು. ಆಮೇಲೂ ಒಂದಿಷ್ಟು ಅನುಮಾನ ಉಳಿದರೆ ಬಿಟ್ಟುಬಿಡಿ.

ಅಮಾನಿಟದ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ತಿಂದು ಸಾಮಾನ್ಯವಾಗಿ 6ರಿಂದ 12 ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮಾರನೇ ದಿನ ಅದು ನಿಂತು, ಹುಷಾರಾದೆವು ಅನ್ನಿಸುತ್ತದೆ. ನನಗೆ ಜಾಸ್ತಿ ಭಯವಿರುವುದು ಈ ದಿನದ ಬಗ್ಗೆಯೇ. ಒಳಗೆ ಲಿವರ್ ಹಾಳಾಗುತ್ತಿರುತ್ತದೆ, ಮನೆಯವರು ಗಂಜಿ ಕೊಟ್ಟು ಮಲಗಿಸಿರುತ್ತಾರೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡಣಬೆ ತಿಂದ 13 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು.

ಅಣಬೆ ತಿಂದ ಮೇಲೆ ಹೊಟ್ಟೆ ಕೆಟ್ಟರೆ, ವಾಂತಿ ನಿಂತಿದ್ದರೂ ಸರಿ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಜೊತೆಗೆ ಊಟ ಮಾಡಿದವರನ್ನೂ ಕರೆದೊಯ್ಯಿರಿ. ಎಷ್ಟು ಗಂಟೆಗೆ ತಿಂದಿರಿ ಅಂತ ಹೇಳಿ. ಹಸಿ ಅಣಬೆ ಉಳಿದಿದ್ದರೆ ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಗ ಕೊಳೆಯುತ್ತದೆ.