ಬೆಳ್ಳಿಯ ಚಪ್ಪಲಿ ಕೆಂಪಾದರೆ ಮೂಲಕ್ಕೆ ದ್ರೋಹವೇ? ಫ್ಯಾಂಟಸಿ ಸಿನಿಮಾ ಮತ್ತು ಮೂಲನಿಷ್ಠೆ: ಅಧ್ಯಯನ ಟಿಪ್ಪಣಿ

‘ಸಿನಿಮಾ ಪುಸ್ತಕದ ಹಾಗಿಲ್ಲ’ ಎನ್ನುವುದು ಬರೀ ದೂರು. ಯಾವುದು ಬಿಟ್ಟುಹೋಯಿತು, ಅದರ ಜೊತೆಗೆ ಕಥೆಯಲ್ಲಿ ಮತ್ತೇನು ಹೋಯಿತು ಎಂದು ತೋರಿಸಿದಾಗ ಅದು ವಿಮರ್ಶೆಯಾಗುತ್ತದೆ. ಫ್ಯಾಂಟಸಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿನ ಲೋಕವನ್ನು ನಾವ್ಯಾರೂ ಕಂಡಿಲ್ಲ. ಲೇಖಕ ಹಾಕಿಕೊಟ್ಟ ಕಟ್ಟಳೆಗಳ ಮೇಲೇ ಅದು ನಿಂತಿರುತ್ತದೆ.

ಸಿನಿಮಾ ವಿದ್ವಾಂಸ ಬ್ರಯಾನ್ ಮ್ಯಾಕ್‌ಫರ್ಲೇನ್ 1996ರ ‘ನಾವೆಲ್ ಟು ಫಿಲ್ಮ್’ನಲ್ಲಿ ಮಾಡುವ ವಿಂಗಡಣೆ ನೆನಪಿರಲಿ. ಘಟನೆಗಳನ್ನು ಪುಟದಿಂದ ತೆರೆಗೆ ಹಾಗೆಯೇ ದಾಟಿಸಬಹುದು. ನಿರೂಪಣೆಯ ದನಿಯಂಥವನ್ನು ದಾಟಿಸಲಾಗದು, ಅವಕ್ಕೆ ಸಿನಿಮಾದ ಸಲಕರಣೆಗಳಲ್ಲೇ ಸಾಟಿ ಹುಡುಕಬೇಕು.

ಮೊದಲ ಉದಾಹರಣೆ ಓಜ಼್, ಸುಂಟರಗಾಳಿ ಹೊತ್ತೊಯ್ದ ಡೊರೊಥಿ ಎಂಬ ಹುಡುಗಿ ಹೋಗಿ ಬೀಳುವ ಮಾಯಾಲೋಕ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಕಥೆಯಲ್ಲಿ ಡೊರೊಥಿಗೆ ಸಿಗುವುದು ಬೆಳ್ಳಿಯ ಪಾದರಕ್ಷೆ. 1939ರ ಸಿನಿಮಾದಲ್ಲಿ ಅದು ಮಾಣಿಕ್ಯದ ಕೆಂಪಾಯಿತು. ಟೆಕ್ನಿಕಲರ್ ಎಂಬ ಆಗಿನ ವರ್ಣಚಿತ್ರ ತಂತ್ರದಲ್ಲಿ ಕೆಂಪು ಎದ್ದು ಕಾಣುತ್ತದೆ. ಎಲ್ಲರೂ ಎತ್ತಿ ಆಡುವ ಬದಲಾವಣೆ ಇದೇ, ಆದರೆ ಇದರಿಂದ ಕಥೆಗೆ ಆದ ನಷ್ಟ ಏನೂ ಇಲ್ಲ. ನಿಜವಾದ ಪೆಟ್ಟು ಬಿದ್ದಿರುವುದು ಕೊನೆಯಲ್ಲಿ. ಸಿನಿಮಾದಲ್ಲಿ ಹುಡುಗಿ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ, ಸುತ್ತ ನಿಂತವರು ನೀನು ಕಂಡದ್ದು ಕನಸು ಎನ್ನುತ್ತಾರೆ. ಪುಸ್ತಕದ ಕೊನೆಯನ್ನು ತೆಗೆದು ನೋಡಿ. ಅವಳ ಪಾದರಕ್ಷೆ ಹಾರಿ ಬರುವಾಗ ಮರುಭೂಮಿಯಲ್ಲಿ ಕಳಚಿಬಿದ್ದಿದೆ, ಕಾಲಲ್ಲಿ ಬರೀ ಕಾಲುಚೀಲ. ಎದುರಿಗೆ ಹೊಸ ಮನೆ: ಹಳೆಯದನ್ನು ಸುಂಟರಗಾಳಿ ಹೊತ್ತೊಯ್ದ ಮೇಲೆ ಹೆನ್ರಿ ಮಾವ ಕಟ್ಟಿಸಿದ್ದು. ಓಜ಼್ ನಿಜವಾಗಿಯೂ ಇತ್ತು ಎನ್ನಲು ಆ ಹೊಸ ಮನೆಯೊಂದೇ ಸಾಕು. ಬಣ್ಣ ಬದಲಾದರೆ ಒಂದು ವಸ್ತು ಬದಲಾಗುತ್ತದೆ. ಕನಸು ಎಂದುಬಿಟ್ಟರೆ ಇಡೀ ಲೋಕದ ಸ್ಥಾನಮಾನವೇ ಬದಲಾಗುತ್ತದೆ. ಸಿನಿಮಾ ನನಗೂ ತುಂಬ ಇಷ್ಟ, ಆದರೂ ಈ ಒಂದನ್ನು ಒಪ್ಪಲು ಆಗಿಲ್ಲ.

ಎರಡನೆಯದು ಟಾಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55), ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ತೆರೆಗೆ ತಂದದ್ದು. ಕೇಡಿನ ಉಂಗುರವೊಂದನ್ನು ಹೊತ್ತ ನಾಯಕ ಫ್ರೋಡೊ, ಅದಕ್ಕಾಗಿ ಬೆನ್ನಟ್ಟುವ ಕಪ್ಪು ಸವಾರರಿಂದ ಗಾಯಗೊಂಡು ಹೊಳೆ ದಾಟುವ ದೃಶ್ಯ ತೆಗೆದುಕೊಳ್ಳಿ. ಪುಸ್ತಕದಲ್ಲಿ ಎಲ್ಫ್ ಕುಲದ ಸರದಾರ ಗ್ಲೋರ್ಫಿಂಡೆಲ್ ತನ್ನ ಕುದುರೆಯನ್ನು ಅವನಿಗೆ ಕೊಡುತ್ತಾನೆ. ಸಿನಿಮಾದಲ್ಲಿ ಅದೇ ಕುಲದ ಆರ್ವೆನ್ ಅವನನ್ನು ತಾನೇ ಕುದುರೆ ಮೇಲೆ ಒಯ್ಯುತ್ತಾಳೆ. ವಾದ ಸಾಮಾನ್ಯವಾಗಿ ಈ ಇಬ್ಬರ ಅದಲುಬದಲಿನಲ್ಲೇ ಮುಗಿಯುತ್ತದೆ. ಫ್ರೋಡೊನನ್ನು ಯಾರೂ ಗಮನಿಸುವುದಿಲ್ಲ. ಪುಸ್ತಕದಲ್ಲಿ ಅವನು ಆಚೆ ದಡದಲ್ಲಿ ಒಬ್ಬನೇ, ಜೀವ ಹಿಡಿದುಕೊಂಡು ಕೂತವನು, ಕತ್ತಿ ಎತ್ತಿ ಕಪ್ಪು ಸವಾರರಿಗೆ ಎದುರಾಡುತ್ತಾನೆ: ಉಂಗುರವೂ ಸಿಗದು, ನಾನೂ ಸಿಗೆ. ಸಿನಿಮಾದಲ್ಲಿ ಕತ್ತಿ ಆರ್ವೆನ್ ಕೈಯಲ್ಲಿದೆ, ಮಾತೂ ಅವಳದೇ, ಅವನಿಗೆ ಮೈಮೇಲೆ ಎಚ್ಚರವಿಲ್ಲ. ಹೋದದ್ದು ಫ್ರೋಡೊನ ಧೈರ್ಯ. ಗ್ಲೋರ್ಫಿಂಡೆಲ್‌ನನ್ನು ಬಿಟ್ಟೂ ಅದನ್ನು ಉಳಿಸಿಕೊಳ್ಳಬಹುದಿತ್ತು.

ಪುಸ್ತಕದಲ್ಲಿ ಫ್ರೋಡೊ ತಂಡವನ್ನು ಕಾಪಾಡುವ ಟಾಮ್ ಬಾಂಬಡಿಲ್‌ನನ್ನು ಸಿನಿಮಾ ಬಿಟ್ಟದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅವನ ಜೊತೆಗೇ ಹೋದ ಒಂದು ಎಳೆ ಇದೆ. ಅವನು ಹಳೆಯ ಸಮಾಧಿದಿಬ್ಬದಿಂದ ತೆಗೆದುಕೊಟ್ಟ ಕತ್ತಿಯಿಂದಲೇ ಫ್ರೋಡೊನ ಗೆಳೆಯ ಮೆರ್ರಿ ಮುಂದೆ ಕಪ್ಪು ಸವಾರರ ಒಡೆಯನಾದ ಮಾಟಗಾರ ದೊರೆಯನ್ನು ಇರಿಯುವುದು. ಆ ವೈರಿಯ ವಿರುದ್ಧವೇ ಹಿಂದಿನ ಕಾಲದವರು ಮಾಡಿದ ಕತ್ತಿ ಅದು, ಹಾಗಾಗಿಯೇ ಅವನ ಮಾಯೆಯನ್ನು ಮುರಿಯಿತು. ಸಿನಿಮಾದಲ್ಲಿ ದಾರಿಮಧ್ಯೆ ಜೊತೆಗಾರ ಆರಾಗಾರ್ನ್ ಫ್ರೋಡೊ ತಂಡಕ್ಕೆ ಕೊಡುವ ಕತ್ತಿಗಳಿಗೆ ಇಂಥ ಪೂರ್ವಕಥೆ ಇಲ್ಲ.

1958ರಲ್ಲಿ ಇದೇ ಕಾದಂಬರಿಯ ಚಿತ್ರಕಥೆಯೊಂದನ್ನು ಓದಿ ಟಾಲ್ಕಿನ್ ಉದ್ದವಾದ ಆಕ್ಷೇಪ ಬರೆದಿದ್ದರು. ಮೂಲದ ತಿರುಳು ಎಲ್ಲಿದೆ ಎಂದು ಕಾಣದೆ ಉತ್ಪ್ರೇಕ್ಷೆ ಮಾಡುವುದು, ಸಲ್ಲದ್ದನ್ನು ತುರುಕುವುದು ಕಳಪೆ ಸಿನಿಮಾಗಳ ಸೋಲು ಎಂಬುದು ಅವರ ಮಾತಿನ ಸಾರ. ನಾವು ಕೈಯಲ್ಲಿಟ್ಟುಕೊಳ್ಳಬೇಕಾದ ಪದ ಈ ‘ತಿರುಳು’.

ಈಗ ಕಷ್ಟದ ಪ್ರಕರಣ, ದಾರಿಯಲ್ಲಿ ಫ್ರೋಡೊನಿಗೆ ಎದುರಾಗುವ ದಳಪತಿ ಫರಾಮಿರ್. ಉಂಗುರದ ಬಗ್ಗೆ, ದಾರಿಯಲ್ಲಿ ಬಿದ್ದಿದ್ದರೂ ಈ ವಸ್ತುವನ್ನು ಎತ್ತಿಕೊಳ್ಳೆ ಎನ್ನುವವನು ಪುಸ್ತಕದ ಫರಾಮಿರ್. ಸಿನಿಮಾದವನು ಫ್ರೋಡೊನನ್ನು ಸೆರೆಹಿಡಿದು ಆಸ್ಗಿಲಿಯಾತ್ ಎಂಬ ಪಾಳು ನಗರದವರೆಗೆ ಎಳೆದೊಯ್ಯುತ್ತಾನೆ. ಚಿತ್ರಕಥೆ ಬರೆದವರ ವಾದ ಇದು: ಎಲ್ಲರನ್ನೂ ಮರುಳುಮಾಡುವ ಉಂಗುರವನ್ನು ಒಬ್ಬ ಇಷ್ಟು ಸುಲಭಕ್ಕೆ ಬೇಡವೆಂದರೆ ಅದರ ಭಯವೇ ಇಳಿದುಹೋಗುತ್ತದೆ. ಜೊತೆಗೆ ದೈತ್ಯ ಜೇಡ ಶೆಲೋಬ್‌ನ ಪ್ರಸಂಗ ಮೂರನೇ ಚಿತ್ರಕ್ಕೆ ಸರಿದಿತ್ತು, ಎರಡನೆಯದರಲ್ಲಿ ಫ್ರೋಡೊನ ದಾರಿಗೆ ಒಂದು ಸಂಕಟ ಬೇಕಿತ್ತು. ವಾದದಲ್ಲಿ ಬಲವಿದೆ. ಆದರೆ ಫರಾಮಿರ್ ಇದ್ದದ್ದೇ ಆ ಉಂಗುರಕ್ಕೂ ಬಾಗದ ಮನುಷ್ಯ ಸಾಧ್ಯ ಎಂದು ತೋರಿಸಲು. ಸಿನಿಮಾ ಅವನಿಗೆ ಬೇರೊಂದನ್ನು ಕೊಟ್ಟಿದೆ: ಬಿಟ್ಟರೆ ತನ್ನ ತಲೆ ಹೋಗುತ್ತದೆಂದು ಗೊತ್ತಿದ್ದೂ ಕೊನೆಗೆ ಫ್ರೋಡೊನನ್ನು ಬಿಡುತ್ತಾನೆ. ಎಡವಿ ತಿದ್ದಿಕೊಂಡವನ ಒಳ್ಳೆಯತನ, ಎಡವದವನ ಒಳ್ಳೆಯತನ, ಇವೆರಡೂ ಬೇರೆ ಬೇರೆ. ಮೊದಲನೆಯದನ್ನು ತೆರೆಯ ಮೇಲೆ ಕಾಣಿಸುವುದು ಸುಲಭ. ಎರಡನೆಯದಕ್ಕೂ ನಟನ ಮುಖದಲ್ಲಿ, ಒಂದು ಮೌನದಲ್ಲಿ ಸಾಟಿ ಹುಡುಕಬಹುದಿತ್ತು ಎಂದೇ ನನಗನ್ನಿಸುತ್ತದೆ. ಪುಸ್ತಕದಲ್ಲಿ ಫರಾಮಿರ್ ಉಂಗುರವನ್ನು ಬೇಡವೆನ್ನುವ ಅಧ್ಯಾಯ ಓದಿ, ಅದೇ ದಿನ ಆಸ್ಗಿಲಿಯಾತ್ ದೃಶ್ಯ ನೋಡಿ, ನಿಮ್ಮ ತೀರ್ಮಾನ ಬರೆದಿಟ್ಟುಕೊಳ್ಳಿ.