ಎಲೆಯ ಸಂಕಟ ತಿಳಿಯುತ್ತದೆ, ಕಾಯಿಲೆಯ ಹೆಸರಲ್ಲ

ಅರೇಬಿಕಾ ಕಾಫಿಯ ಎಲೆ ಮಗುಚಿದಾಗ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟಿತೆಂದರೆ ಸೋಂಕು ತಗುಲಿ ಸಾಮಾನ್ಯವಾಗಿ ಮೂರು ವಾರಗಳಾದರೂ ಕಳೆದಿರುತ್ತವೆ. ಎಲೆ ತುಕ್ಕು ರೋಗದ ಶಿಲೀಂಧ್ರವಾದ ಹೆಮಿಲಿಯಾ ವಾಸ್ಟಾಟ್ರಿಕ್ಸ್ ತಳಭಾಗದ ಪತ್ರರಂಧ್ರಗಳಿಂದ ಒಳಹೊಕ್ಕು, ಜೀವಕೋಶಗಳ ಆಹಾರ ಹೀರುತ್ತ ಅದರಲ್ಲಿ ಬಹುಪಾಲು ದಿನ ಹೊರಗೆ ಕಾಣದೆಯೇ ಬೆಳೆಯುತ್ತದೆ. ಎಲೆ ಕೀಳದೆ, ಕತ್ತರಿಸದೆ ಆ ಅವಧಿಯಲ್ಲೇ ಅದನ್ನು ಹಿಡಿಯಬಹುದೇ ಎಂದು ಬೆಳೆಗಾರರು ಕೇಳುತ್ತಾರೆ.

ಎಲೆ ಹೀರಿದ ಬೆಳಕಿನ ಬಹುಪಾಲು ಆಹಾರ ತಯಾರಿಕೆಗೆ ಬಳಕೆಯಾಗುತ್ತದೆ ಇಲ್ಲವೇ ಶಾಖವಾಗುತ್ತದೆ. ಶೇ 1ರಿಂದ 2ರಷ್ಟು ಮಾತ್ರ ಮಂದವಾದ ಕೆಂಪು ಬೆಳಕಾಗಿ ಹೊರಬೀಳುತ್ತದೆ. ಕತ್ತಲಲ್ಲಿದ್ದ ಎಲೆಗೆ ಬೆಳಕು ತಾಗಿದೊಡನೆ ಈ ಹೊಳಪು ಏರಿ ಇಳಿಯುವುದನ್ನು ಕೌಟ್ಸ್ಕಿ ಮತ್ತು ಹಿರ್ಶ್ 1931ರಲ್ಲೇ ವರದಿ ಮಾಡಿದ್ದರು. ಇಂದಿನ ಫ್ಲೋರೋಮೀಟರ್ ಅಳೆಯುವುದೂ ಇದನ್ನೇ: ಎಲೆಗೆ ಪುಟ್ಟ ಕ್ಲಿಪ್ ಹಾಕಿ ಇಪ್ಪತ್ತು–ಮೂವತ್ತು ನಿಮಿಷ ಕತ್ತಲಲ್ಲಿಟ್ಟು, ಕ್ಷಣಕಾಲ ತೀವ್ರ ಬೆಳಕು ಹಾಯಿಸಿದರೆ, ಎಲೆ ಬೆಳಕನ್ನು ಎಷ್ಟು ಚೆನ್ನಾಗಿ ಬಳಸಬಲ್ಲದು ಎಂದು ಸೂಚಿಸುವ ಒಂದು ಅಂಕಿ ಬರುತ್ತದೆ. ಆರೋಗ್ಯವಂತ ಎಲೆಯಲ್ಲಿ ಅದು 0.83ರ ಆಸುಪಾಸಿನಲ್ಲಿರುತ್ತದೆ, ಎಲೆ ಸಂಕಟದಲ್ಲಿದ್ದರೆ ಇಳಿಯುತ್ತದೆ.

ಚಿಕ್ಕಮಗಳೂರಿನ ಕಡೆಯ ತೋಟವೊಂದರಲ್ಲಿ ಒಂದೇ ಸಾಲಿನ ಗಿಡಗಳೆಲ್ಲ ಕಡಿಮೆ ಅಂಕಿ ತೋರಿಸಿದಾಗ ನಾನು ತುಕ್ಕು ರೋಗವೆಂದೇ ಬರೆದುಕೊಂಡಿದ್ದೆ. ಜೊತೆಗಿದ್ದ ಮೇಸ್ತ್ರಿ ಮೇಲೆ ನೋಡಿ, “ಸಾರ್, ಈ ಸಾಲಿಗೆ ಮೊನ್ನೆ ತಾನೆ ಮರಗಸಿ ಮಾಡಿದ್ದು” ಎಂದರು. ಮರಗಸಿಯೆಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು. ನೆರಳಿಗೆ ಒಗ್ಗಿದ ಎಲೆಗೆ ಹಾಗೆ ಕಡಿದ ಮೇಲೆ ಏಕಾಏಕಿ ಬಿಸಿಲು ಬಿದ್ದರೂ ಅಂಕಿ ಇಳಿಯುತ್ತದೆ. ಪುಸ್ತಕದಲ್ಲಿ ಓದಿದ್ದ ವಿಷಯ, ತೋಟದಲ್ಲಿ ನೆನಪಾಗಲಿಲ್ಲ. ಅಂದಿನಿಂದ ಒಂದೇ ನೆರಳಿನ, ಒಂದೇ ವಯಸ್ಸಿನ ಎಲೆಗಳನ್ನಷ್ಟೇ ಹೋಲಿಸುತ್ತೇನೆ.

ಶಾಖ ಗ್ರಹಿಸುವ ಕ್ಯಾಮೆರಾಕ್ಕೂ ಇದೇ ಮಿತಿಯಿದೆ. ಪತ್ರರಂಧ್ರ ಮುಚ್ಚಿದ ಎಲೆ ಬಿಸಿಯಾಗಿ ಕಾಣುತ್ತದೆ, ಆದರೆ ಅದು ಮುಚ್ಚಿದ್ದು ರೋಗದಿಂದಲೋ ನೀರಿನ ಕೊರತೆಯಿಂದಲೋ ಎಂಬುದನ್ನು ಚಿತ್ರ ಹೇಳದು. ಡ್ರೋನ್ ಬಯಲಿನ ಬೆಳೆಗೆ ಚೆನ್ನಾಗಿ ಒದಗೀತು. ಸಿಲ್ವರ್ ಓಕ್ ನೆರಳಿನ ಕಾಫಿಯಲ್ಲಿ ಅದಕ್ಕೆ ಹೆಚ್ಚಾಗಿ ಕಾಣುವುದು ಮರದ ತಲೆ.

ಹೀಗಾಗಿ ಅಂಕಿ ಇಳಿದ ಗಿಡಕ್ಕೆ ಗುರುತಿನ ದಾರ ಕಟ್ಟಿ, ವಾರಕ್ಕೊಮ್ಮೆ ಎಲೆ ಮಗುಚಿ ಭೂತಗನ್ನಡಿಯಲ್ಲಿ ಮಸುಕು ಹಳದಿ ಚುಕ್ಕೆ ಹುಡುಕುವುದು ನನ್ನ ಕ್ರಮ. ಮುಂಗಾರಿಗೆ ಮುನ್ನ ಎಲೆಯ ತಳಭಾಗಕ್ಕೆ ಸಿಂಪಡಿಸುವ ಶೇ 0.5ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ ಮತ್ತು ಸುಣ್ಣದ ಶಿಲೀಂಧ್ರನಾಶಕ), ಅಂಕಿ ಎಷ್ಟೇ ಚೆನ್ನಾಗಿದ್ದರೂ, ಮುಂದೂಡಲು ನಾನು ಯಾರಿಗೂ ಹೇಳಿಲ್ಲ.